ಅಕ್ಕ ಹೋದ ದಿನ

“ಬಾಯಿ ತೆಗಿಯೋ,” ಎಂದಳು ರತ್ನಮ್ಮ, ಮಾತ್ರೆಯನ್ನು ಅವನ ತುಟಿಯ ಹತ್ತಿರ ಹಿಡಿದು.

ಅವನು ಬಾಯಿ ತೆಗೆಯಲಿಲ್ಲ. ಅವಳ ಬೆರಳುಗಳನ್ನು ನೋಡಿದ. ಬೆರಳಿನಿಂದ ಬಳೆಗೆ, ಬಳೆಯಿಂದ ಭುಜಕ್ಕೆ, ಭುಜದಿಂದ ಮುಖಕ್ಕೆ ಕಣ್ಣು ನಿಧಾನವಾಗಿ ಹತ್ತಿ ಬಂತು. ಆಮೇಲೆ ಅಂಗೈ ಚಾಚಿದ.

“ಕೊಡು ರತ್ನ. ನಾನೇ ತಗೊಳ್ತೀನಿ.”

ಆ ಮನೆಯಲ್ಲಿ ಅವಳ ಹೆಸರು ಕೇಳಿಸಿ ಆರು ತಿಂಗಳಾಗಿತ್ತು. ಅತ್ತೆ ಅವಳನ್ನು ‘ಏನಮ್ಮ’ ಎನ್ನುತ್ತಿದ್ದಳು. ಗಂಡ ‘ಅಕ್ಕಾ’ ಎನ್ನುತ್ತಿದ್ದ.

ಅವಳು ಮಾತ್ರೆಯನ್ನು ಅವನ ಅಂಗೈಗೆ ಹಾಕಿದಳು. ಅವನು ನೀರು ಕುಡಿದು ನುಂಗಿದ, ಲೋಟವನ್ನು ಕಿಟಕಿಯ ಕಟ್ಟೆಯ ಮೇಲೆ ಇಟ್ಟ. ಚೆಲ್ಲಲಿಲ್ಲ. ಸಂತೋಷವಾಗಬೇಕಿತ್ತು. ಆಗುತ್ತದೆ, ಸ್ವಲ್ಪ ತಡವಾಗಿಯಾದರೂ ಆಗುತ್ತದೆ ಎಂದು ಅವಳು ನಿಂತು ಕಾದಳು. ಆಗಲಿಲ್ಲ.

ಅಡುಗೆಮನೆಯಿಂದ ಅತ್ತೆ ಮುನಿಶಾಮಮ್ಮ ತಲೆ ಹಾಕಿದಳು. “ಏನಂದ ಅವ್ನು? ಈಗ ಏನೋ ಅಂದಂಗಾಯ್ತು?”

“ಏನಿಲ್ಲ ಅತ್ತೆ. ನೀರು ಕೇಳಿದ್ರು.”

ನಿನ್ನೆಯಾಗಿದ್ದರೆ ‘ಕೇಳಿದ’ ಎನ್ನುತ್ತಿದ್ದಳು. ‘ಕೇಳಿದ್ರು’ ಎಂಬುದು ನಾಲಗೆಗೆ ತಾನಾಗಿಯೇ ಬಂದಿತ್ತು, ಮನೆಗೆ ಯಾರೋ ಬಂದರೆಂದು ಸೆರಗು ಸರಿಮಾಡಿಕೊಂಡ ಹಾಗೆ.

ಜಯರಾಮಪ್ಪ ಚಿನ್ನದ ಗಣಿಯಲ್ಲಿ ಸರ್ವೇಯರ್ ಆಗಿದ್ದವನು. ಕ್ಯಾಸಂಬಳ್ಳಿಯ ಆಚೆಯ ಹಳ್ಳಿಯಿಂದ ಬಂದು, ಡಿಪ್ಲೊಮಾ ಓದಿ, ನೆಲದ ಕೆಳಗೆ ಯಾವ ಸುರಂಗ ಎಲ್ಲಿ ತಿರುಗಿ ಯಾವುದನ್ನು ಕೂಡಬೇಕೆಂದು ಅಳೆದು ಹೇಳುವ ಕೆಲಸಕ್ಕೆ ಸೇರಿದ್ದ. ಅಂಥವನು ಹೋದ ವರ್ಷದ ಕೊನೆಯಲ್ಲಿ, ಬಚ್ಚಲಿಗೂ ಅಡುಗೆಮನೆಗೂ ನಡುವೆ, ಎತ್ತ ಹೋಗಬೇಕೆಂದು ತಿಳಿಯದೆ ಗೋಡೆ ತಡವುತ್ತ ನಿಂತಿದ್ದ. ಅದಕ್ಕೂ ಮೊದಲು ಅಂಗಿಯ ಗುಂಡಿ ಹಾಕುವುದು ನಿಧಾನವಾಗಿತ್ತು. ಒಂದು ಪ್ರಶ್ನೆಗೆ ಉತ್ತರ ಬರುವಷ್ಟರಲ್ಲಿ ಕೇಳಿದವರು ಎದ್ದು ಹೋಗಿರುತ್ತಿದ್ದರು. ಅವಳು ಅದನ್ನು ಸೋಮಾರಿತನ ಎಂದುಕೊಂಡು ಗದರಿದ್ದಳು.

ಬೆಂಗಳೂರಿನ ಆಸ್ಪತ್ರೆಯಲ್ಲಿ ಮೊದಲು ಮಿದುಳಿನ ಕ್ಷಯ ಎಂದರು. ಆಮೇಲೆ ರಕ್ತವನ್ನು ಇನ್ನೊಂದು ಪರೀಕ್ಷೆಗೆ ಕಳಿಸಿದರು. ಆಮೇಲೆ ಅವಳ ರಕ್ತವನ್ನೂ ಕೇಳಿದರು. ಡಾಕ್ಟರು ಬಾಗಿಲು ಮುಂದೆ ಮಾಡಿ ಹೇಳಿದ್ದರು: ಈ ವೈರಸ್ಸು ಮಿದುಳನ್ನು ಬಹಳ ಬೇಗ ಸೇರಿಕೊಳ್ಳುತ್ತದೆ, ವರ್ಷಗಟ್ಟಲೆ ಸುಮ್ಮನಿರುತ್ತದೆ. ನರಕೋಶಗಳನ್ನು ನೇರವಾಗಿ ತಿನ್ನುವುದಿಲ್ಲ. ಅಲ್ಲಿ ಕಾವಲಿಗಿರುವ ಕೋಶಗಳೊಳಗೆ ಕೂತು, ಅವುಗಳ ಕೈಯಿಂದಲೇ ಮನೆಗೆ ಬೆಂಕಿ ಇಡಿಸುತ್ತದೆ. ರತ್ನಮ್ಮ ಬಂಗಾರಪೇಟೆಯ ಹೈಸ್ಕೂಲಿನಲ್ಲಿ ಜೀವಶಾಸ್ತ್ರ ಹೇಳುವವಳು. ಎಲ್ಲವೂ ಅರ್ಥವಾಯಿತು. ಅರ್ಥ ಮಾಡಿಕೊಳ್ಳುವುದು ಅವಳಿಗೆ ಯಾವತ್ತೂ ಕಷ್ಟವಾಗಿರಲಿಲ್ಲ.

ಊರಿಗೆ, ಅತ್ತೆಗೆ, ಸ್ಕೂಲಿಗೆ ಒಂದೇ ಮಾತು ಹೇಳಿದಳು: ಮಿದುಳಿಗೆ ನಂಜೇರಿದೆ. ಸುಳ್ಳೂ ಆಗಿರಲಿಲ್ಲ.

ಆಸ್ಪತ್ರೆಯಿಂದ ಕರೆತಂದ ಮೊದಲ ವಾರ, ಅತ್ತೆ ಇನ್ನೂ ಹಳ್ಳಿಯಿಂದ ಬಂದಿರಲಿಲ್ಲ. ಒಂದು ಮಧ್ಯಾಹ್ನ ಬಾಗಿಲು ಹಾಕಿ ಅವನನ್ನು ಕೂರಿಸಿಕೊಂಡು ಎಲ್ಲವನ್ನೂ ಅಂದಳು. ಎಲ್ಲಿ ಹೋಗಿದ್ದೆ, ಯಾರ ಹತ್ತಿರ ಹೋಗಿದ್ದೆ, ನನಗೆ ಯಾಕೆ ತಂದೆ. ಅಷ್ಟು ದೊಡ್ಡ ದನಿ ತನ್ನಲ್ಲಿತ್ತೆಂದು ಅವಳಿಗೇ ಗೊತ್ತಿರಲಿಲ್ಲ. ಅವನು ಕೇಳಿಸಿಕೊಂಡ. ಎದ್ದು ಟವೆಲ್ಲು ತಂದು ಅವಳ ಮುಖ ಒರೆಸಿದ.

“ಅಕ್ಕಾ, ಯಾರು ಒಡದ್ರು ನಿನ್ನ?” ಎಂದ.

ಅಂದಿನಿಂದ ಅವಳು ಅಕ್ಕ.

ಅವನಿಗೆ ನಿಜವಾಗಿ ಒಬ್ಬ ಅಕ್ಕ ಇದ್ದಳಂತೆ. ಕದಿರಮ್ಮ ಅಂತ. ಅಮ್ಮ ಕೂಲಿಗೆ ಹೋದಾಗ ಅವನನ್ನು ಸೊಂಟದ ಮೇಲೆ ಹೊತ್ತು ತಿರುಗಿದವಳು, ಮೈನೆರೆಯುವ ಮೊದಲೇ ವಾಂತಿಭೇದಿಯಲ್ಲಿ ಹೋದವಳು. ಮದುವೆಯಾಗಿ ಹನ್ನೆರಡು ವರ್ಷದಲ್ಲಿ ಒಂದು ಸಲವೂ ಅವನು ಅವಳ ಹೆಸರೆತ್ತಿರಲಿಲ್ಲ. ಅತ್ತೆ ಬಂದ ಮೇಲೆಯೇ ತಿಳಿದದ್ದು.

ತಿದ್ದಬೇಕೆನ್ನಿಸಿತ್ತು, ನಾನು ನಿನ್ನ ಹೆಂಡತಿ ಎಂದು. ತಿದ್ದುವುದು ಅವಳಿಗೆ ಅಭ್ಯಾಸ. ಆದರೆ ಅಕ್ಕನೆಂದು ಕರೆದವನು ತಟ್ಟೆಯ ಮುಂದೆ ಕೂತು, ತುತ್ತಿಗೆ ಬಾಯಿ ತೆರೆದು, ಅವಳ ಮೊಣಕಾಲಿನ ಮೇಲೆ ಕೈ ಇಟ್ಟ. ಹನ್ನೆರಡು ವರ್ಷದಲ್ಲಿ ಅವನು ಹಗಲು ಹೊತ್ತು ಅವಳನ್ನು ಹಾಗೆ ಬರಿಗೈಯಲ್ಲಿ ಮುಟ್ಟಿದ್ದು ಅದೇ ಮೊದಲು. ಅವಳು ತಿದ್ದಲಿಲ್ಲ.

ಇವತ್ತು ತಿಂಗಳ ಮೊದಲ ಶನಿವಾರ. ಬೆಂಗಳೂರಿನ ಆ ಡಾಕ್ಟರು ಬಂಗಾರಪೇಟೆಯ ಒಂದು ಸಣ್ಣ ನರ್ಸಿಂಗ್ ಹೋಮಿಗೆ ಬರುವ ದಿನ. ಅವಳು ಸ್ಕೂಲಿಗೆ ರಜೆ ಹಾಕಿದ್ದಳು.

ಹೊರಡುವಾಗ ಅತ್ತೆ ಬಾಗಿಲಲ್ಲಿ ನಿಂತು ಮಗನ ಕೆನ್ನೆ ಸವರಿದಳು. “ನನ್ ಮಗ ಬತ್ತಾವ್ನೆ ಕಣಮ್ಮ. ಕಣ್ಣು ನೋಡು, ಬತ್ತಾವ್ನೆ.”

“ಹೂಂ ಅತ್ತೆ.”

“ಆ ತಾಯಿತ ಕಟ್ಸಿದ್ದು ಸುಮ್ನೆ ಓಗಲಿಲ್ಲ.”

“ಇಲ್ಲ ಅತ್ತೆ.”

ಉರಿಗಾಂ ಸ್ಟೇಷನ್ನಿಗೆ ನಡೆದು ಹೋಗುವಾಗ, ಪ್ರತಿ ಸಲ ಅವನು ಅವಳ ಸೆರಗಿನ ತುದಿಯನ್ನು ಮುಷ್ಟಿಯಲ್ಲಿ ಹಿಡಿದಿರುತ್ತಿದ್ದ. ಕೆಲಸ ಕಡಿಮೆಯಾಗಿ ಬೀದಿಯಲ್ಲಿ ನಿಲ್ಲುತ್ತಿದ್ದ ಗಣಿಯ ಜನ ಅದನ್ನು ನೋಡಿ ಮುಖ ಆಚೆ ಮಾಡುತ್ತಿದ್ದರು. ಅವಳಿಗೆ ಮೊದಲು ನಾಚಿಕೆಯಾಗಿತ್ತು. ಆಮೇಲೆ ಸೆರಗನ್ನು ಸ್ವಲ್ಪ ಉದ್ದ ಬಿಟ್ಟುಕೊಂಡು ಉಡತೊಡಗಿದ್ದಳು.

ಇವತ್ತು ಅವನು ಎರಡು ಹೆಜ್ಜೆ ಮುಂದೆ ನಡೆದ. ಕಾಲು ಇನ್ನೂ ಅಷ್ಟು ಗಟ್ಟಿಯಾಗಿರಲಿಲ್ಲ, ಅಗಲವಾಗಿ ಊರಿ ನಡೆಯುತ್ತಿದ್ದ. ಆದರೂ ಮುಂದೆ. ಸೆರಗು ಹಿಂದೆ ನೇತಾಡಿತು. ಅವಳು ಅದನ್ನು ಎಳೆದು ಸೊಂಟಕ್ಕೆ ಸಿಕ್ಕಿಸಿಕೊಂಡಳು.

ರೈಲಿನಲ್ಲಿ ಅವನು ಕಿಟಕಿಯ ಪಕ್ಕ ಕೂತು, ಎರಡು ಕೈಯನ್ನೂ ಮೊಣಕಾಲ ಮೇಲಿಟ್ಟುಕೊಂಡ. ಮಾತ್ರೆಯ ದೆಸೆಯಿಂದ ಅವನ ಉಗುರುಗಳ ಮೇಲೆ ಕಪ್ಪು ಗೆರೆಗಳೆದ್ದಿದ್ದವು. ಅವನ್ನು ಒಂದೊಂದಾಗಿ ನೋಡಿಕೊಳ್ಳುತ್ತಿದ್ದ. ಅವಳು ಎದುರು ಕೂತು, ಯಾವಾಗಿನಂತೆ, ತನ್ನನ್ನು ತಾನೇ ಪರೀಕ್ಷೆ ಮಾಡಿಕೊಂಡಳು. ಕಪಾಲದ ನರಗಳು ಹನ್ನೆರಡು. ಗಂಧದ ನರ, ದೃಷ್ಟಿಯ ನರ… ಎಂಟನೆಯದಕ್ಕೆ ಬಂದಾಗ ಒಂದು ಗಳಿಗೆ ತಡವಾಯಿತು. ಆಮೇಲೆ ಸಿಕ್ಕಿತು. ಸಿಗುವವರೆಗೂ ಅವಳು ಉಸಿರು ಬಿಟ್ಟಿರಲಿಲ್ಲ.

ಡಾಕ್ಟರ ಕೋಣೆಯಲ್ಲಿ ಡೆಟಾಲಿನ ವಾಸನೆ, ಗೋಡೆಗೆ ಮುಗುಳ್ನಗುವ ಮಗುವಿನ ಕ್ಯಾಲೆಂಡರು.

“ಹೆಸರು?” ಎಂದರು ಡಾಕ್ಟರು.

“ಜಯರಾಮಪ್ಪ.”

“ಇದು ಯಾವ ಊರು?”

“ಬಂಗಾರಪೇಟೆ.”

ಡಾಕ್ಟರು ತಲೆಯೆತ್ತಿ ಅವಳ ಕಡೆ ನೋಡಿದರು. ಅವಳು ಕ್ಯಾಲೆಂಡರು ನೋಡುತ್ತಿದ್ದಳು.

“ಮೂರು ಮಾತು ಹೇಳ್ತೀನಿ. ನೆನಪಿಟ್ಟುಕೊಳ್ಳಿ. ಬೀಗ, ಮಾವಿನಹಣ್ಣು, ಎತ್ತು. ಆಮೇಲೆ ಕೇಳ್ತೀನಿ.”

ಒಂದು ಹಾಳೆ ಕೊಟ್ಟು ಗಡಿಯಾರ ಬರೆಯಲು ಹೇಳಿದರು. ಹಿಂದಿನ ಸಲ ಅವನು ಒಂದರಿಂದ ಹನ್ನೆರಡರವರೆಗೆ ಎಲ್ಲ ಅಂಕಿಗಳನ್ನೂ ಒಂದೇ ಪಕ್ಕಕ್ಕೆ ಜೇನುಗೂಡಿನಂತೆ ಕಟ್ಟಿ, ಅಕ್ಕಾ ನೋಡು ಎಂದು ನಕ್ಕಿದ್ದ. ಇವತ್ತು ಮೊದಲು ಹನ್ನೆರಡು ಬರೆದ, ಕೆಳಗೆ ಆರು, ಅತ್ತಿತ್ತ ಮೂರು, ಒಂಬತ್ತು. ಸರ್ವೇಯರನ ಕೈ. ಆಮೇಲೆ ನಡುವೆ ತುಂಬಿಸಿದ. ನಡುಕ ಇತ್ತು, ಆದರೆ ವೃತ್ತ ವೃತ್ತವಾಗಿತ್ತು.

ನೂರರಿಂದ ಏಳೇಳು ಕಳೆಯಲು ಹೇಳಿದರು. ತೊಂಬತ್ತಮೂರು. ಎಂಬತ್ತಾರು. ಎಪ್ಪತ್ತೊಂಬತ್ತು. ನಿಧಾನವಾಗಿ, ಇಳಿಜಾರಿನಲ್ಲಿ ಕಾಲಿಟ್ಟು ನೋಡಿಕೊಂಡು ಇಳಿಯುವವನಂತೆ ಇಳಿದ.

“ಸರಿ. ಆಗ ಹೇಳಿದ ಮೂರು ಮಾತು?”

“ಬೀಗ,” ಎಂದ. “ಮಾವಿನಹಣ್ಣು.”

ನಿಂತ.

ಹಿಂದಿನ ಸಲಗಳಲ್ಲಿ ಹೀಗೆ ನಿಂತಾಗ ಅವನು ಅವಳ ಕಡೆ ತಿರುಗುತ್ತಿದ್ದ. ಏಳ್ಕೊಡಕ್ಕಾ ಎನ್ನುತ್ತಿದ್ದ. ಡಾಕ್ಟರು ಬೇಡವೆಂದು ಕೈಯಾಡಿಸಿದರೂ ಅವಳ ತುಟಿ ತನ್ನಷ್ಟಕ್ಕೆ ಆ ಶಬ್ದದ ಆಕಾರ ತಳೆಯುತ್ತಿತ್ತು. ಇವತ್ತು ಅವನು ತಿರುಗಲಿಲ್ಲ. ಮೇಜಿನ ಅಂಚನ್ನು ನೋಡುತ್ತ ಹುಡುಕುತ್ತಿದ್ದ. ಅವಳಿಗೆ ತನ್ನೊಳಗೆ ಒಂದು ಬೇಡಿಕೆ ಕೇಳಿಸಿತು: ಸಿಗದಿರಲಿ. ಒಂದೇ ಒಂದು ಮಾತು ಸಿಗದಿರಲಿ.

“ಎತ್ತು,” ಎಂದ ಜಯರಾಮಪ್ಪ.

ಡಾಕ್ಟರಿಗೆ ಸಂತೋಷವಾಯಿತು. ಅವನನ್ನು ರಕ್ತ ಕೊಡಲು ಪಕ್ಕದ ಕೋಣೆಗೆ ಕಳಿಸಿ ಅವಳೊಡನೆ ಮಾತಾಡಿದರು. ಮಿದುಳಿಗೂ ರಕ್ತಕ್ಕೂ ನಡುವೆ ಒಂದು ಗೋಡೆಯಿದೆಯಲ್ಲ, ನಿಮಗೆ ಗೊತ್ತೇ ಇದೆ. ಎಲ್ಲ ಔಷಧಿಯನ್ನೂ ಅದು ಒಳಗೆ ಬಿಡೋದಿಲ್ಲ. ಈ ಮಾತ್ರೆ ದಾಟಿದೆ. ಪೂರ್ತಿ ಮೊದಲಿನ ಹಾಗೆ ಆಗ್ತಾರೆ ಅಂತ ಹೇಳಲಾರೆ. ಎಷ್ಟು ದಿನ ಅಂತಲೂ ಹೇಳಲಾರೆ. ವೈರಸ್ಸು ಮಾತ್ರೆಯನ್ನು ಕಲಿತುಕೊಳ್ಳುತ್ತೆ, ಆಗ ಬೇರೆ ಮಾತ್ರೆ ಬೇಕಾಗುತ್ತೆ. ಆದರೆ ಈಗ, ಈ ಹೊತ್ತಿಗೆ, ಮನುಷ್ಯ ವಾಪಸ್ಸು ಬಂದಿದ್ದಾರೆ.

“ಹೌದು ಸಾರ್.”

“ಒಂದು ಹೊತ್ತೂ ತಪ್ಪಿಸಿಲ್ಲ ತಾನೆ?”

“ಇಲ್ಲ.”

ತಪ್ಪಿಸಿದ್ದಳು. ಹೋದ ವಾರ ಅವನು ತಲೆ ಬಾಚಿಕೊಳ್ಳುತ್ತ ಕನ್ನಡಿಯಲ್ಲಿ ಅವಳನ್ನು ನೋಡಿ, ಏನೋ ಹೇಳಲು ಹೋಗಿ, ಹುಬ್ಬು ಗಂಟಿಕ್ಕಿದ್ದ. ಅಂದು ಮಾತ್ರೆಯನ್ನು ಡಬ್ಬಿಗೇ ವಾಪಸ್ಸು ಹಾಕಿದ್ದಳು. ಮಧ್ಯಾಹ್ನ ಮತ್ತೆ ತೆಗೆದು ಕೊಟ್ಟಿದ್ದಳು. ತನ್ನ ಸಂಬಳವೆಲ್ಲ ಸುರಿದು ತರಿಸುವ ಮಾತ್ರೆ. ಯಾಕೆ ಹಾಗೆ ಮಾಡಿದೆನೆಂದು ಅವಳು ಯೋಚಿಸಲಿಲ್ಲ. ಯೋಚಿಸದಿರುವುದನ್ನೂ ಈಚೆಗೆ ಕಲಿತಿದ್ದಳು.

“ಇನ್ನು ಅವರಿಗೆ ಹೇಳಬೇಕಮ್ಮ,” ಎಂದರು ಡಾಕ್ಟರು. “ತಿಳಿಯೋ ಸ್ಥಿತೀಲಿ ಇದ್ದಾರೆ. ಮುಚ್ಚಿಡೋದು ಸರಿಯಲ್ಲ. ನಾನು ಹೇಳಲಾ?”

“ನಾನೇ ಹೇಳ್ತೀನಿ.”

“ನಿಮ್ಮ ವಿಷಯವನ್ನೂ.”

“ಹೂಂ.”

“ನಿಮಗೆ ಇನ್ನೂ ಮಾತ್ರೆ ಬೇಡ. ಹೆದರಬೇಡಿ.”

“ಹೆದರಿಕೆ ಇಲ್ಲ ಸಾರ್,” ಎಂದು ಎದ್ದಳು.

ಬಜಾರಿನ ರಸ್ತೆಯಲ್ಲಿ ಅವಳ ಸ್ಕೂಲಿನ ಗಣಿತದ ಮೇಷ್ಟ್ರು ಆಂಜಿನಪ್ಪ ಸೈಕಲ್ಲು ತಳ್ಳಿಕೊಂಡು ಎದುರಾದ. ಶನಿವಾರದ ಅರ್ಧ ದಿನ ಮುಗಿಸಿ ಹೊರಟಿದ್ದ. ಅವಳಿಗೆ ಮರೆಯಾಗಲು ಜಾಗವಿರಲಿಲ್ಲ.

“ಓ, ಮೇಡಂ. ಸಾರ್ ಹೆಂಗಿದ್ದಾರೆ ಈಗ?” ಅವಳನ್ನು ಕೇಳಿದ, ಪಕ್ಕದಲ್ಲಿ ನಿಂತವನು ಸಾಮಾನಿನ ಚೀಲ ಎಂಬಂತೆ.

ಅವಳು ಬಾಯಿ ತೆರೆಯುವ ಮೊದಲು ಜಯರಾಮಪ್ಪನೇ ಹೇಳಿದ. “ಹುಷಾರಾಗಿದೀನಿ ಸಾರ್. ನೀವು ಹೇಗಿದೀರ?”

ಆಂಜಿನಪ್ಪ ಬೆಚ್ಚಿ, ನಕ್ಕು, ಎರಡು ಮಾತಾಡಿ ಸೈಕಲ್ಲು ಹತ್ತಿದ. ರತ್ನಮ್ಮ ನಿಂತಲ್ಲೇ ನಿಂತಿದ್ದಳು. ಅವಳು ಕೇಳಿಸಿಕೊಂಡದ್ದು ಮಾತನ್ನಲ್ಲ, ಹಕಾರವನ್ನು. ಎರಡೂ ಕಡೆ ಗಟ್ಟಿಯಾಗಿ, ಎದೆಯಿಂದ ಉಸಿರು ತೆಗೆದು ಇಟ್ಟ ಹಕಾರ.

ಅದು ಅವಳು ಕಲಿಸಿದ್ದು. ಮದುವೆಯಾದ ಹೊಸದರಲ್ಲಿ ಅವಳ ಸ್ಕೂಲಿನವರು ಊಟಕ್ಕೆ ಬಂದಿದ್ದರು. ‘ಇನ್ನೊಸಿ ಆಕ್ಕಳಿ ಸಾರ್, ಆಲು ಆಕ್ಕಳಿ’ ಎಂದ ಗಂಡನನ್ನು ಅವಳು ನಗುತ್ತಲೇ ತಿದ್ದಿದ್ದಳು: ‘ಹಾಲು ಅನ್ನಿ. ಹಾಕ್ಕೊಳ್ಳಿ ಅನ್ನಿ.’ ಬಂದವರೂ ನಕ್ಕರು. ಆಮೇಲೂ ಒಂದಷ್ಟು ದಿನ ತಿದ್ದಿದಳು. ಅವನು ಬೇಗ ಕಲಿತ. ಕಲಿತ ಮೇಲೆ ಮಾತು ಕಡಿಮೆಯಾಯಿತು. ಬೇಕು, ಸಾಕು, ಹೋಗ್ತೀನಿ, ಬರ್ತೀನಿ. ಅವಳು ಅದನ್ನು ಗಾಂಭೀರ್ಯ ಎಂದುಕೊಂಡಳು.

ಅಕ್ಕನ ಹತ್ತಿರ ಅವನಿಗೆ ಹಕಾರ ಇರಲಿಲ್ಲ. ಅವರೆಕಾಯಿಯ ಕಾಲದಲ್ಲಿ, ಮನೆ ಮುಂದಿನ ಚಪ್ಪಡಿಯ ಮೇಲೆ ಕೂತು ಇಬ್ಬರೂ ಕಾಯಿ ಸುಲಿಯುತ್ತಿದ್ದಾಗ ಅವನು ಮಾತಾಡಿದ. ಬೆರಳು ಕಾಳನ್ನು ಬಿಟ್ಟು ಸಿಪ್ಪೆಯನ್ನು ಪಾತ್ರೆಗೆ ಹಾಕುತ್ತಿತ್ತು, ಬಾಯಿ ನಿಲ್ಲುತ್ತಿರಲಿಲ್ಲ. ನನ್ ಎಂಡ್ತಿ ಮೇಷ್ಟ್ರು ಕಣಕ್ಕ. ಎಲ್ಲಾ ತಿಳ್ಕಂಡವ್ಳು. ಅವ್ಳ ಮುಂದೆ ನಂಗೆ ಬಾಯೇ ಬರಲ್ಲ. ಉತ್ತರದ ಕಡೆ ಒಂದು ತಾಮ್ರದ ಗಣಿಗೆ ಅವನನ್ನು ಒಂದು ವರ್ಷದ ಮಟ್ಟಿಗೆ ಕಳಿಸಿದ್ದರು. ಅಲ್ಲಿ ಒಬ್ಬಳಿದ್ದಳು. ಕ್ಯಾಂಪಿನ ಆಚೆ, ತಗಡಿನ ಮನೆಯಲ್ಲಿ. ಹೆಸರು ನೆನಪಿರಲಿಲ್ಲ.

“ಅವ್ಳ ಮಾತು ನಂಗೆ ಬತ್ತಿರ್ಲಿಲ್ಲ, ನನ್ ಮಾತು ಅವ್ಳಿಗ್ ಬತ್ತಿರ್ಲಿಲ್ಲ,” ಎಂದಿದ್ದ. “ಅದ್ಕೇ ಅವ್ಳತ್ರ ಕುಂತ್ಕಂಡು ಒತ್ತು ಮುಳುಗೋಗಂಟ ಮಾತಾಡ್ತಿದ್ದೆ ಕಣಕ್ಕ. ಊಂ, ಊಂ ಅಂತಿದ್ಳು.” ಆಮೇಲೆ ದನಿ ತಗ್ಗಿಸಿ, “ನನ್ ಎಂಡ್ತಿಗ್ ಏಳ್ಬ್ಯಾಡ.”

“ಇಲ್ಲಪ್ಪ. ಹೇಳಲ್ಲ,” ಎಂದಿದ್ದಳು ರತ್ನಮ್ಮ.

ಅದನ್ನು ಕೇಳಿದ ಮೇಲೆ ಅವನನ್ನು ದ್ವೇಷಿಸಲು ಹೊರಟಳು. ದ್ವೇಷಿಸಬೇಕಾದವನು ಅಲ್ಲಿರಲಿಲ್ಲ. ಅಲ್ಲಿದ್ದವನು ಅವಳ ಮಡಿಲಿಗೆ ಸುಲಿದ ಕಾಳನ್ನು ಹಾಕಿ, ನೀನ್ ತಿನ್ನು ಎನ್ನುತ್ತಿದ್ದ.

ಸ್ಟೇಷನ್ನಿನಲ್ಲಿ ಮಾರಿಕುಪ್ಪಂ ರೈಲಿಗೆ ಇನ್ನೂ ಹೊತ್ತಿತ್ತು. ಕಲ್ಲುಬೆಂಚಿನ ಎರಡು ತುದಿಯಲ್ಲಿ ಕೂತರು. ನಡುವೆ ಅವಳ ಕೈಚೀಲ, ಅದರೊಳಗೆ ಹೊಸ ಮಾತ್ರೆಯ ಡಬ್ಬಿಗಳು.

“ಏನು ಕಾಯಿಲೆ ನನಗೆ?” ಎಂದ.

“ಡಾಕ್ಟರು ಹೇಳ್ತಾ ಇದ್ರಲ್ಲ. ಮಿದುಳಿಗೆ…”

“ಹೆಸರು ಹೇಳು.”

“ಏಡ್ಸ್ ಅಂತಾರಲ್ಲ. ಆ ವೈರಸ್ಸು.”

ಹೇಳಿದ ದನಿ ಕ್ಲಾಸಿನ ದನಿಯಾಗಿತ್ತು. ಉತ್ತರ ಗೊತ್ತಿಲ್ಲದ ಬೆಂಚಿನಿಂದ ಮುಂದಿನ ಬೆಂಚಿಗೆ ಹೋಗುವಾಗಿನ ದನಿ.

ಅವನು ಹಳಿಗಳನ್ನು ನೋಡಿದ. ಹಳಿಯ ನಡುವೆ ಒಂದು ನಾಯಿ ಎಲೆ ನೆಕ್ಕುತ್ತಿತ್ತು. ಅದು ನೆಕ್ಕಿ ಮುಗಿಸಿ ಪ್ಲಾಟ್‌ಫಾರಂ ಹತ್ತಿತು.

“ನಿನಗೆ?”

“ಇದೆ.”

“ಮಾತ್ರೆ?”

“ನನಗೆ ಇನ್ನೂ ಬೇಡವಂತೆ.”

“ಅಮ್ಮನಿಗೆ ಗೊತ್ತಾ?”

“ಇಲ್ಲ.”

ಅವನು ತಲೆಯಾಡಿಸಿದ. ಗಣಿಯ ಕೆಳಗಿನಿಂದ ಬಂದ ವರದಿಯನ್ನು ಕೇಳಿ, ಸರಿ ಎನ್ನುವವನಂತೆ. ಅವಳು ಕಾದಳು. ಈ ಗಳಿಗೆಗೆಂದು ಎಷ್ಟು ಮಾತನ್ನು ಒಳಗೆ ಜೋಡಿಸಿಟ್ಟಿದ್ದಳು. ಕೈ ಹಾಕಿದರೆ ಒಂದೂ ಸಿಗಲಿಲ್ಲ. ಎಲ್ಲ ಅಂದು ಟವೆಲ್ಲು ತಂದು ಮುಖ ಒರೆಸಿದವನ ಮೇಲೆ ಖರ್ಚಾಗಿ ಹೋಗಿತ್ತು.

“ಕ್ಷಮಿಸು,” ಎಂದ ಜಯರಾಮಪ್ಪ.

ಪಠ್ಯಪುಸ್ತಕದ ಮಾತು. ಒತ್ತಕ್ಷರ ಸಹಿತ ಸರಿಯಾಗಿ ಹೇಳಿದ್ದ. ‘ತಪ್ಪಾಯ್ತು ಕಣೇ’ ಎಂದಿದ್ದರೆ ಅವಳು ಅಳಬಹುದಿತ್ತು, ಇಲ್ಲವೇ ಎದ್ದು ಕೆನ್ನೆಗೆ ಹೊಡೆಯಬಹುದಿತ್ತು. ‘ಕ್ಷಮಿಸು’ ಎಂದವನಿಗೆ ಏನು ಮಾಡುವುದು?

“ಇರಲಿ ಬಿಡಿ,” ಎಂದಳು.

ರೈಲು ಬಂತು. ಸಂತೆಯ ಬುಟ್ಟಿಗಳು, ಹಾಲಿನ ಕ್ಯಾನುಗಳು, ಬೆಂಗಳೂರಿನ ಕೂಲಿ ಮುಗಿಸಿ ಬಂದವರು, ತಮಿಳು, ತೆಲುಗು, ಕನ್ನಡ ಎಲ್ಲ ಒಟ್ಟಿಗೆ ನುಗ್ಗಿದವು. ಅವರಿಬ್ಬರಿಗೂ ಅಕ್ಕಪಕ್ಕ ಜಾಗ ಸಿಕ್ಕಿತು. ಅವನು ಅವಳಿಗೆ ತಾಗದಂತೆ ಒಂದು ಅಂಗುಲ ಸರಿದು ಕೂತ. ಮರ್ಯಾದೆಯಿಂದ.

ರೈಲು ಹೊರಟ ಮೇಲೆ ಕೇಳಿದ: “ಹುಷಾರಿಲ್ಲದಾಗ… ನಾನೇನಾದ್ರೂ ಮಾತಾಡ್ತಿದ್ನಾ?”

ಅವಳು ಕಿಟಕಿಯ ಆಚೆ ನೋಡಿದಳು. “ಏನೂ ಇಲ್ಲ.”

“ಏನೂ?”

“ರೇಡಿಯೋ ಹಾಕಿದ್ರೆ ಅದರ ಜೊತೆ ಹಾಡ್ತಿದ್ರಿ. ಅಷ್ಟೆ.”

ಅವನ ಭುಜ ಸ್ವಲ್ಪ ಇಳಿಯಿತು. ಅದು ನಿರಾಳ ಎಂದು ಅವಳಿಗೆ ಗೊತ್ತಾಯಿತು. ಗುಟ್ಟು ಇನ್ನೂ ತನ್ನ ಹತ್ತಿರವೇ ಇದೆಯೆಂದು ನಂಬಿದ ಮನುಷ್ಯನ ನಿರಾಳ.

“ಇನ್ನೊಬ್ಬಳು ಇದ್ದಳಲ್ಲ ಮನೇಲಿ,” ಎಂದ ಆಮೇಲೆ.

“ಯಾರು?”

“ಯಾರೋ ಗೊತ್ತಿಲ್ಲ. ಮುಖ ನೆನಪಿಗೆ ಬರ್ತಾ ಇಲ್ಲ. ಅಕ್ಕ ಅಂತಿದ್ದೆ ಅವಳನ್ನ.” ಮಾತು ಹುಡುಕುತ್ತ ನಿಂತ. “ಊಟ ಮಾಡಿಸ್ತಿದ್ದಳು. ರೇಗ್ತಿರಲಿಲ್ಲ. ಸುಮ್ಮನೆ ಕೂತು ಕೇಳಿಸ್ಕೊಳ್ತಿದ್ದಳು. ಒಳ್ಳೆಯವಳು.”

ರತ್ನಮ್ಮನ ಗಂಟಲಿಗೆ ಒಂದು ಮಾತು ಬಂತು. ನಾನೇ ಅದು. ಎರಡೇ ಪದ. ಆದರೆ ಹಾಗೆಂದರೆ, ಕೇಳಿಸಿಕೊಂಡವಳೂ ನಾನೇ ಎಂದಾಗುತ್ತದೆ. ತಾಮ್ರದ ಗಣಿ, ತಗಡಿನ ಮನೆ, ಎಲ್ಲ ಅವನೆದುರು ಬಂದು ನಿಲ್ಲುತ್ತದೆ. ಆಮೇಲೆ ಅವನು ಜೀವ ಇರುವ ತನಕ ಬಾಯಿ ತೆರೆಯುವುದಿಲ್ಲ. ಅಷ್ಟೇ ಅಲ್ಲ. ಆ ಅಕ್ಕನನ್ನೂ ನಂಬುವುದಿಲ್ಲ.

“ಯಾವಾಗ ಹೋದ್ಲು?” ಎಂದ.

“ಇವತ್ತು ಬೆಳಿಗ್ಗೆ.”

“ಹೇಳದೇನೇ ಹೋದ್ಲಾ?”

“ನೀವು ಮಲಗಿದ್ರಿ.”

“ಯಾವ ಊರು ಅವಳದು?”

“ಕೇಳಲಿಲ್ಲ.”

ಅವನು ಮೆಲ್ಲಗೆ ತಲೆಯಾಡಿಸಿದ. ಅವನ ಕಣ್ಣಿನಲ್ಲಿ ನೀರಿತ್ತು. ಕಾಯಿಲೆಯ ಹೆಸರು ಕೇಳಿದಾಗ ಇರಲಿಲ್ಲ, ಅವಳಿಗೂ ಇದೆಯೆಂದು ಕೇಳಿದಾಗ ಇರಲಿಲ್ಲ. ಈಗ ಇತ್ತು. ರತ್ನಮ್ಮ ಅದನ್ನು ನೋಡಿದಳು. ತಾನು ಸತ್ತ ಸುದ್ದಿಗೆ ಅಳುವವನ ಪಕ್ಕದಲ್ಲಿ ತಾನೇ ಕೂತು ಸಮಾಧಾನ ಹೇಳಬೇಕಾದಂತಿತ್ತು.

ಕೋರಮಂಡಲ್ ದಾಟಿದ ಮೇಲೆ ರೈಲು ಯಾವುದಕ್ಕೋ ನಿಂತಿತು. ಆಷಾಢದ ಗಾಳಿ ಬೆಳಗಿನಿಂದ ಹೊಂಚುತ್ತಿದ್ದದ್ದು ಒಮ್ಮೆಲೇ ಎದ್ದಿತು. ಹಳಿಯ ಪಕ್ಕದಲ್ಲಿ, ನೂರು ವರ್ಷ ಚಿನ್ನ ಸೋಸಿ ಎಸೆದ ಪುಡಿಮಣ್ಣಿನ ಗುಡ್ಡ. ಅದರ ನೆತ್ತಿಯಿಂದ ಬಿಳಿಯ ಹೊಗೆಯಂಥದ್ದು ಎದ್ದು, ಬಾಗಿ, ರೈಲಿನ ಮೇಲೆ ಬಂತು.

“ಮುಚ್ರೋ, ಮುಚ್ರೋ,” ಎಂದು ಯಾರೋ ಅಂದರು. ಕಿಟಕಿಯ ತಗಡುಗಳು ಒಂದಾದ ಮೇಲೊಂದು ದಡದಡನೆ ಬಿದ್ದವು. ಬಾಗಿಲನ್ನೂ ಎಳೆದರು. ಬೋಗಿಯ ದೀಪಗಳು ಎಂದೂ ಉರಿಯುತ್ತಿರಲಿಲ್ಲ. ಮಟಮಟ ಮಧ್ಯಾಹ್ನದಲ್ಲಿ ಕತ್ತಲಾಯಿತು. ಜನ ಸೆರಗು, ಟವೆಲ್ಲುಗಳಲ್ಲಿ ಮುಖ ಮುಚ್ಚಿಕೊಂಡರು. ಸಂದಿಗಳಿಂದ ಧೂಳು ನುಗ್ಗಿ ಹಲ್ಲಿನ ನಡುವೆ ಕರಕರ ಎಂದಿತು. ಮಾತು ನಿಂತು, ತಗಡಿನ ಮೇಲೆ ಮರಳು ಸುರಿಯುವ ಸದ್ದು ಮಾತ್ರ ಉಳಿಯಿತು.

“ಅಕ್ಕಾ,” ಎಂದ ಜಯರಾಮಪ್ಪ, ಪಕ್ಕದಲ್ಲಿ. ಮೆಲ್ಲಗೆ. ಕರೆದದ್ದೋ, ತನಗೆ ತಾನೇ ಅಂದುಕೊಂಡದ್ದೋ.

ರತ್ನಮ್ಮನ ಮೈಯೆಲ್ಲ ಕಿವಿಯಾಯಿತು. ಕತ್ತಲಿತ್ತು. ಮುಖ ಮುಚ್ಚಿತ್ತು. ‘ಏನೋ?’ ಎನ್ನಬಹುದಿತ್ತು, ಒಂದೇ ಒಂದು ಸಲ. ಬಾಯಿಗೆ ಅಡ್ಡವಿದ್ದ ಸೆರಗನ್ನು ಸರಿಸಿದಳು. ಯಾವ ದನಿ ಬರುತ್ತದೋ ಎಂದು ಹೆದರಿಕೆಯಾಯಿತು. ಗಂಟಲು ಸರಿ ಮಾಡಿಕೊಂಡಳು.

“ಏನಪ್ಪಾ?” ಎಂದಿತು ಎದುರಿನ ಬೆಂಚಿನ ಕಡೆಯಿಂದ ಒಂದು ಹೆಣ್ಣು ದನಿ. ವಯಸ್ಸಾದ, ಎಲೆಅಡಿಕೆ ತುಂಬಿಕೊಂಡ ದನಿ. “ಕಣ್ಗೆ ಬಿತ್ತಾ ದೂಳು? ಉಜ್ಬ್ಯಾಡ. ಅಂಗೇ ಕಣ್ ಮುಚ್ಕಂಡ್ ಕುಂತ್ಕ, ಓಯ್ತದೆ.”

“ಊಂ,” ಎಂದ.

“ಎಲ್ಲಿಗ್ ಓಗ್ಬೇಕು?”

“ಉರಿಗಾಮಿಗೆ ಕಣಕ್ಕ.”

“ಒಬ್ನೇ ಬಂದ್ಯಾ?”

ರತ್ನಮ್ಮನ ಮೊಣಕೈಗೆ ಅವನ ಮೊಣಕೈ ತಾಗುವಷ್ಟು ಹತ್ತಿರವಿತ್ತು, ತಾಗಿರಲಿಲ್ಲ.

“ಊಂ ಕಣಕ್ಕ,” ಎಂದ.

“ಇರು ಮತ್ತೆ. ಬಂದಾಗ ನಾನ್ ಏಳ್ತೀನಿ.”

ಗಾಳಿ ಬಂದ ಹಾಗೆಯೇ ಹೋಯಿತು. ರೈಲು ಜಗ್ಗಿ ಹೊರಟಿತು. ಒಬ್ಬೊಬ್ಬರಾಗಿ ತಗಡುಗಳನ್ನು ಎತ್ತಿದರು. ಬೆಳಕು ಒಳಗೆ ಬಂದಾಗ ರತ್ನಮ್ಮ ಎದುರಿನ ಬೆಂಚನ್ನು ನೋಡಿದಳು. ಅಲ್ಲಿ ಹೆಂಗಸರು ಸಾಲಾಗಿ ಕೂತಿದ್ದರು. ಕೂದಲು, ಹುಬ್ಬು, ರೆಪ್ಪೆ, ತುಟಿ ಎಲ್ಲಕ್ಕೂ ಆ ಬಿಳಿ ಪುಡಿ ಮೆತ್ತಿತ್ತು. ಮುದುಕಿ ಯಾರು, ಹುಡುಗಿ ಯಾರು ತಿಳಿಯುತ್ತಿರಲಿಲ್ಲ. ಯಾರೂ ಮಾತಾಡಲಿಲ್ಲ. ಅವಳು ತನ್ನ ಕೆನ್ನೆ ಮುಟ್ಟಿಕೊಂಡಳು. ಬೆರಳು ಬೆಳ್ಳಗಾಯಿತು.

ಜಯರಾಮಪ್ಪ ಮುಂದಕ್ಕೆ ಬಾಗಿ ಕೂತು ಆ ಮುಖಗಳನ್ನು ಒಂದೊಂದಾಗಿ ನೋಡುತ್ತಿದ್ದ. ಎದುರಿನ ಬೆಂಚು ಮುಗಿದ ಮೇಲೆ ಅವನ ಕಣ್ಣು ಇತ್ತ ತಿರುಗಿತು. ಅವಳ ಮುಖದ ಮೇಲೆ ಬಂದು ನಿಂತಿತು. ಅವಳು ಉಸಿರು ಹಿಡಿದಳು. ಸ್ವಲ್ಪ ಹೊತ್ತು ನಿಂತಿದ್ದು, ಅವಳನ್ನು ದಾಟಿ, ಆಚೆ ಕೂತ ಹೆಂಗಸಿನ ಮುಖಕ್ಕೆ ಹೋಯಿತು.